ಎರಡು ಕಿವಿಗೆ ಏಳು ಸ್ಪೀಕರ್ ಏಕೆ? ಗೇಮಿಂಗ್ ಹೆಡ್‌ಫೋನ್ ಆರಿಸುವ ಮುನ್ನ

ಗೇಮಿಂಗ್ ಹೆಡ್‌ಸೆಟ್‌ನ ಪೆಟ್ಟಿಗೆಯ ಮೇಲಿರುವುದನ್ನು ಓದಿದರೆ, ಅದನ್ನು ಹಾಕಿಕೊಂಡ ಕೂಡಲೇ ಗೋಡೆಯಾಚೆ ಅಡಗಿರುವ ಎದುರಾಳಿಯ ಉಸಿರೂ ಕೇಳಿಸೀತು ಎನಿಸುತ್ತದೆ. 7.1 ಸರೌಂಡ್, 50 ಮಿಲಿಮೀಟರ್ ಡ್ರೈವರ್ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್), 40,000 ಹರ್ಟ್ಸ್‌ವರೆಗಿನ ವ್ಯಾಪ್ತಿ, ಜೊತೆಗೆ ಬಣ್ಣಬಣ್ಣದ ದೀಪ. ಕಿವಿಯ ಮೇಲಿನ ದೀಪ ಅದನ್ನು ಹಾಕಿಕೊಂಡವರಿಗೇ ಕಾಣುವುದಿಲ್ಲ ಎಂಬುದನ್ನು ಬಿಡಿ. ಉಳಿದ ಮೂರು ಸಂಖ್ಯೆಗಳೂ ಆಟದ ಸದ್ದು ಹೇಗೆ ಕೇಳಿಸೀತು ಎಂಬುದರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಆಟದಲ್ಲಿ ಸದ್ದಿನ ದಿಕ್ಕನ್ನು ಲೆಕ್ಕ ಹಾಕುವುದು ಆಟದ ತಂತ್ರಾಂಶ, ಗುರುತಿಸುವುದು ಮೆದುಳು. ಹೆಡ್‌ಫೋನ್ ನಡುವಿನ ಸಾಗಣೆದಾರ ಮಾತ್ರ. ಕೊಟ್ಟಿದ್ದನ್ನು ಕೆಡಿಸದೆ, ತಡಮಾಡದೆ, ತಲೆ ನೋಯಿಸದೆ ತಲುಪಿಸಿದರೆ ಅದರ ಕೆಲಸ ಮುಗಿಯಿತು. ಈ ಮಾತನ್ನು ಒಪ್ಪಿಕೊಂಡರೆ ಆಯ್ಕೆಯ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಒಪ್ಪಿಕೊಳ್ಳಬೇಕಾದರೆ ಕಿವಿ ದಿಕ್ಕನ್ನು ಹಿಡಿಯುವ ಬಗೆಯನ್ನು ಸ್ವಲ್ಪ ನೋಡಬೇಕು.

ಕಿವಿಯ ಲೆಕ್ಕಾಚಾರ

ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಆಮೇಲೆ. ಸದ್ದು ನೇರ ಪಕ್ಕದಿಂದ ಬಂದಾಗ ಈ ಅಂತರ ಅತಿ ಹೆಚ್ಚು. ಆಗಲೂ ಅದು ಸುಮಾರು 0.7 ಮಿಲಿಸೆಕೆಂಡ್ ಅಷ್ಟೆ. ಪಳಗಿದ ಕಿವಿಗಳು ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲವು. ಎರಡನೆಯ ಸುಳಿವು ಸದ್ದಿನ ಜೋರಿನದು. ತಾರದ, ಅಂದರೆ ಹೆಚ್ಚು ಕಂಪನಾಂಕದ ಸದ್ದಿಗೆ ತಲೆಯೇ ಅಡ್ಡ ನಿಲ್ಲುವುದರಿಂದ ಅದು ಆಚೆಯ ಕಿವಿಯನ್ನು ಕ್ಷೀಣವಾಗಿ ತಲುಪುತ್ತದೆ. ಮಂದ್ರದ ಸದ್ದಿನ ಅಲೆ ಉದ್ದ. ಅದು ತಲೆಯನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ಇವೆರಡನ್ನೂ ಜೋಡಿಸಿ ವಿವರಿಸಿದ್ದರು: ಮಂದ್ರಕ್ಕೆ ಸಮಯದ ಅಂತರ, ತಾರಕ್ಕೆ ಜೋರಿನ ಅಂತರ. ಗಡಿ 1,500 ಹರ್ಟ್ಸ್‌ನ ಆಸುಪಾಸಿನಲ್ಲಿದೆ.

ಆದರೆ ನೇರ ಮುಂದಿನ ಸದ್ದಿಗೂ ನೇರ ಬೆನ್ನ ಹಿಂದಿನ ಸದ್ದಿಗೂ ಈ ಎರಡು ಅಂತರಗಳೂ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ನೆರವಿಗೆ ಬರುವುದು ಹೊರಕಿವಿಯ ಮಡಿಕೆಗಳು. ನೋಡಲು ಗೊತ್ತುಗುರಿಯಿಲ್ಲದೆ ಸುರುಟಿದಂತಿರುವ ಆ ಏರುತಗ್ಗುಗಳು ಒಳಬರುವ ಸದ್ದಿನ ಕೆಲವು ಕಂಪನಾಂಕಗಳನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸುತ್ತವೆ. ಮೇಲಿನಿಂದ ಬಂದ ಸದ್ದಿಗೆ ಒಂದು ಬಗೆಯ ಬದಲಾವಣೆ, ಹಿಂದಿನದಕ್ಕೆ ಇನ್ನೊಂದು. ಮೆದುಳು ಹುಟ್ಟಿದಂದಿನಿಂದ ಈ ಗುರುತುಗಳನ್ನು ಕಲಿತಿದೆ. ಆದರೂ ಅನುಮಾನ ಉಳಿದರೆ ನಾವು ತಿಳಿಯದೆಯೇ ತಲೆಯನ್ನು ಒಂದಿಷ್ಟು ತಿರುಗಿಸುತ್ತೇವೆ. ಸದ್ದು ಯಾವ ಕಿವಿಯ ಕಡೆಗೆ ಜಾರಿತು ಎಂಬುದರಿಂದ ಮುಂದೋ ಹಿಂದೋ ತೀರ್ಮಾನವಾಗುತ್ತದೆ.

ಹೆಡ್‌ಫೋನ್ ಹಾಕಿದಾಗ ಈ ಕೊನೆಯ ಉಪಾಯ ಕೈಕೊಡುತ್ತದೆ, ಏಕೆಂದರೆ ತಲೆ ತಿರುಗಿಸಿದರೆ ಅದೂ ಜೊತೆಯಲ್ಲೇ ತಿರುಗುತ್ತದೆ. ಆಟದಲ್ಲಿ ಕುತ್ತಿಗೆಯ ಕೆಲಸವನ್ನು ಮೌಸ್ ಅಥವಾ ಕಂಟ್ರೋಲರ್‌ನ ಕಡ್ಡಿ ಮಾಡುತ್ತದೆ. ಹೆಜ್ಜೆಸದ್ದು ಮುಂದೋ ಹಿಂದೋ ಎಂದು ತಿಳಿಯದಾಗ ನೋಟವನ್ನು ಅತ್ತಿತ್ತ ಕೊಂಚ ಅಲುಗಿಸಿ. ಯಾವ ಹೆಡ್‌ಸೆಟ್‌ನ ಯಾವ ಗುಂಡಿಗಿಂತಲೂ ಇದು ಹೆಚ್ಚು ನಂಬಿಕೆಗೆ ಅರ್ಹ.

ಏಳು ಸ್ಪೀಕರ್‌ಗಳ ಕಥೆ

7.1 ಎಂದರೆ ಕೋಣೆಯಲ್ಲಿ ಕೇಳುಗನ ಸುತ್ತ ಏಳು ಸ್ಪೀಕರ್, ಜೊತೆಗೆ ಮಂದ್ರಕ್ಕೆಂದೇ ಒಂದು ಸಬ್‌ವೂಫರ್. ಹೆಡ್‌ಫೋನ್‌ನಲ್ಲಿ ಇರುವುದು ಎರಡೇ ವಾಹಿನಿ. ಹಾಗಾದರೆ ‘ವರ್ಚುವಲ್ 7.1’ ಮಾಡುವುದೇನು? ಆಟವು ತನ್ನ ಸದ್ದನ್ನೆಲ್ಲ ಏಳು ನಿಗದಿತ ಜಾಗಗಳಿಗೆ ಹಂಚುತ್ತದೆ. ಹೆಡ್‌ಸೆಟ್‌ನ ತಂತ್ರಾಂಶ ಆ ಏಳನ್ನು ಮೇಲೆ ಹೇಳಿದ ಸಮಯ, ಜೋರು, ಮಡಿಕೆಗಳ ಲೆಕ್ಕದಲ್ಲಿ ಮತ್ತೆ ಎರಡಕ್ಕೆ ಇಳಿಸುತ್ತದೆ. ಆ ಏಳೂ ಕಿವಿಯ ಮಟ್ಟದಲ್ಲಿರುವ ಒಂದು ಉಂಗುರದ ಮೇಲಿವೆ. ಮಹಡಿಯ ಮೇಲಿನ ಹೆಜ್ಜೆಗೂ ಕೆಳಗಿನ ಹೆಜ್ಜೆಗೂ ಅಲ್ಲಿ ವ್ಯತ್ಯಾಸವೇ ಇಲ್ಲ.

ಇದರ ಬದಲು ಆಟವೇ ನೇರವಾಗಿ ಎರಡು ಕಿವಿಗೆ ಲೆಕ್ಕ ಹಾಕಬಹುದು. ಪ್ರತಿ ಹೆಜ್ಜೆ, ಪ್ರತಿ ಗುಂಡು ಯಾವ ಬಿಂದುವಿನಲ್ಲಿ ಸದ್ದು ಮಾಡಿತು ಎಂಬುದು ಆಟಕ್ಕೆ ಗೊತ್ತೇ ಇರುತ್ತದೆ. ಆ ಬಿಂದುವಿನಿಂದ ಎರಡು ಕಿವಿಗಳಿಗೆ ಸದ್ದು ಹೇಗೆ ತಲುಪುತ್ತದೆ ಎಂಬ ಸೂತ್ರಕ್ಕೆ ಎಚ್‌ಆರ್‌ಟಿಎಫ್ ಎಂದು ಹೆಸರು. ಮನುಷ್ಯರ ಅಥವಾ ಬೊಂಬೆಯ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು, ಎಲ್ಲ ದಿಕ್ಕುಗಳಿಂದ ಸದ್ದು ಹೊರಡಿಸಿ ಅದನ್ನು ಅಳೆಯುತ್ತಾರೆ. ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ಗೆ ಈ ಸೌಲಭ್ಯ 2016ರಲ್ಲಿ ಬಂತು, ವ್ಯಾಲರಂಟ್‌ಗೆ 2021ರಲ್ಲಿ. ಪ್ಲೇಸ್ಟೇಷನ್ 5ರಲ್ಲಿ ಇಂಥ ಲೆಕ್ಕಕ್ಕೆಂದೇ ಟೆಂಪೆಸ್ಟ್ ಎಂಬ ಪ್ರತ್ಯೇಕ ಯಂತ್ರಾಂಶವಿದೆ. ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರುವುದಿಲ್ಲವಾದ್ದರಿಂದ ಅದು ಆರಂಭದಲ್ಲಿ ಐದು ಮಾದರಿಗಳನ್ನು ಕೊಟ್ಟು, ಸದ್ದು ಕಿವಿಯ ಮಟ್ಟದಲ್ಲೇ ಕೇಳಿಸುವಂಥದ್ದನ್ನು ಆರಿಸಿಕೊಳ್ಳಿ ಎಂದಿತ್ತು. ಸರಾಸರಿ ಕಿವಿಯ ಲೆಕ್ಕ ಕೆಲವರಿಗೆ ಹೇಳಿ ಮಾಡಿಸಿದಂತೆ ಹೊಂದುತ್ತದೆ, ಕೆಲವರಿಗೆ ಹೊಂದುವುದೇ ಇಲ್ಲ. ಗೆಳೆಯನಿಗೆ ಅದ್ಭುತವೆನಿಸಿದ್ದು ನಿಮಗೆ ಡಬ್ಬಿಯೊಳಗಿನ ಸದ್ದಿನಂತೆ ಕೇಳಿದರೆ ಇಬ್ಬರೂ ಸರಿಯೇ.

ತೊಡಕು ಹುಟ್ಟುವುದು ಆಟದ ಲೆಕ್ಕವೂ ನಡೆಯುತ್ತಿದ್ದು, ಹೆಡ್‌ಸೆಟ್‌ನ 7.1 ಕೂಡ ಚಾಲೂ ಇದ್ದಾಗ. ಅದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡಂತೆ: ಎರಡೂ ಬೇರೆಬೇರೆಯಾಗಿ ಸರಿಯಿದ್ದರೂ ಒಟ್ಟಿಗೆ ಎಲ್ಲವೂ ಮಸಕು. ಆದ್ದರಿಂದ ಸರಪಳಿಯಲ್ಲಿ ಒಂದೇ ಕಡೆ ಈ ಸಂಸ್ಕರಣೆ ಇರಲಿ. ಆಟದೊಳಗೆ ‘ಹೆಡ್‌ಫೋನ್’ ಅಥವಾ ‘3ಡಿ ಆಡಿಯೊ’ ಆಯ್ಕೆಯಿದ್ದರೆ ಅದನ್ನು ಚಾಲೂ ಮಾಡಿ, ಉಳಿದುದನ್ನೆಲ್ಲ ನಿಲ್ಲಿಸಿ, ಸಾದಾ ಸ್ಟೀರಿಯೊ ಇಟ್ಟುಕೊಳ್ಳಿ. ಡಾಲ್ಬಿ ಅಟ್ಮಾಸ್ ಮತ್ತು ವಿಂಡೋಸ್ ಸೋನಿಕ್ ಎಂಬ ಸರೌಂಡ್ ತಂತ್ರಾಂಶಗಳು ತುಸು ಬೇರೆ ಜಾತಿ. ಅವನ್ನು ಬೆಂಬಲಿಸುವ ಆಟಗಳಿಂದ ಎತ್ತರದ ಮಾಹಿತಿಯನ್ನೂ ಅವು ಪಡೆಯಬಲ್ಲವು. ಕಥಾಪ್ರಧಾನ ಆಟದಲ್ಲಿ ಮಳೆ, ಕಾಡು, ಜಾತ್ರೆಯ ಗದ್ದಲ ಸುತ್ತುವರಿದಂತೆ ಕೇಳಿಸಬೇಕೆಂದು ಹಳೆಯ ವರ್ಚುವಲ್ 7.1 ಹಾಕಿಕೊಂಡರೂ ತಪ್ಪಿಲ್ಲ, ಅದು ರುಚಿಯ ಮಾತು. ಅದಕ್ಕಾಗಿ ಹೆಚ್ಚು ಹಣ ಕೊಡುವುದು ಮಾತ್ರ ನನಗೆ ದಂಡವೆನಿಸುತ್ತದೆ. ಕಿವಿ ಮುಚ್ಚುವ ಒಂದೊಂದು ಬಟ್ಟಲಿನಲ್ಲಿ ನಾಲ್ಕಾರು ಪುಟ್ಟ ಡ್ರೈವರ್ ತುರುಕಿ ‘ನಿಜವಾದ 7.1’ ಎಂದು ಮಾರುವ ಹೆಡ್‌ಸೆಟ್‌ಗಳೂ ಇವೆ. ಕಿವಿಯಿಂದ ಬೆರಳಗಲ ದೂರದಲ್ಲಿ ಕೂತ ಡ್ರೈವರ್ ಕೋಣೆಯ ಮೂಲೆಯ ಸ್ಪೀಕರ್ ಆಗಲಾರದು.

ಬಾಸ್ ಎಂಬ ಪ್ರಲೋಭನೆ

ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ಮೆಚ್ಚುವ ಹೆಡ್‌ಸೆಟ್ ಸಾಮಾನ್ಯವಾಗಿ ಬಾಸ್, ಅಂದರೆ ಮಂದ್ರದ ಸದ್ದು, ಜಾಸ್ತಿ ಇರುವಂಥದ್ದು. ಸ್ಫೋಟ ಎದೆಗೆ ತಾಗುತ್ತದೆ, ಎಂಜಿನ್ ಗುಡುಗುತ್ತದೆ, ಮನಸ್ಸು ಸೋಲುತ್ತದೆ. ಆಮೇಲೆ ಆಟದಲ್ಲಿ ಅದೇ ಬಾಸ್ ಹೆಜ್ಜೆಸದ್ದನ್ನು ನುಂಗುತ್ತದೆ. ಇದಕ್ಕೆ ಒಳಕಿವಿಯ ರಚನೆಯೇ ಕಾರಣ. ಕಾಕ್ಲಿಯಾ ಎಂಬ ಶಂಖದಾಕಾರದ ನಾಳದಲ್ಲಿ ತಾರದ ಸದ್ದನ್ನು ಹಿಡಿಯುವ ಜಾಗ ಬಾಗಿಲಿನ ಬಳಿ ಇದೆ, ಮಂದ್ರದ್ದು ಒಳತುದಿಯಲ್ಲಿ. ಮಂದ್ರದ ಅಲೆ ತನ್ನ ಜಾಗ ಸೇರಲು ಉಳಿದೆಲ್ಲ ಜಾಗಗಳನ್ನು ಅಲುಗಿಸುತ್ತಲೇ ಹೋಗಬೇಕು. ಹೀಗಾಗಿ ಜೋರಾದ ಮಂದ್ರ ತನಗಿಂತ ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ. ತಾರದ ಸದ್ದು ಮಂದ್ರವನ್ನು ಅಷ್ಟಾಗಿ ಮುಚ್ಚಲಾರದು.

ಹೆಜ್ಜೆಯ ಸದ್ದಿನಲ್ಲಿ ನೆಲಕ್ಕೆ ಬಿದ್ದ ಭಾರದ ಮಂದ್ರವೂ ಇರುತ್ತದೆ, ಬೂಟು ಉಜ್ಜಿದ, ಜಲ್ಲಿ ಸರಿದ ಗರಗರವೂ ಇರುತ್ತದೆ. ನೆಲ ಮರದ್ದೋ ಲೋಹದ್ದೋ, ಎದುರಾಳಿ ಎಷ್ಟು ಹತ್ತಿರ ಎಂಬುದೆಲ್ಲ ಹೆಚ್ಚಾಗಿ ಎರಡನೆಯದರಿಂದ ತಿಳಿಯುತ್ತದೆ. ಕಿವಿಯ ನಾಳವೇ 3,000 ಹರ್ಟ್ಸ್ ಸುತ್ತಮುತ್ತಲ ಸದ್ದನ್ನು ಹಿಗ್ಗಿಸಿಕೊಳ್ಳುವಂತೆ ರೂಪುಗೊಂಡಿದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಆ ಭಾಗ ಬಾಸ್‌ನ ಕೆಳಗೆ ಹೂತುಹೋಗಿರುವುದಿಲ್ಲ, ಚುಚ್ಚುವಷ್ಟು ಎದ್ದೂ ಇರುವುದಿಲ್ಲ.

ಸಂತೋಷದ ಸಂಗತಿಯೆಂದರೆ ಇದನ್ನು ಖರೀದಿಸಿದ ಮೇಲೂ ತಿದ್ದಬಹುದು. ಕಂಪ್ಯೂಟರ್‌ನಲ್ಲಿ ಮಂದ್ರ, ತಾರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. 200 ಹರ್ಟ್ಸ್‌ಗಿಂತ ಕೆಳಗಿನದನ್ನು ನಾಲ್ಕೈದು ಡೆಸಿಬೆಲ್ ಇಳಿಸಿ ಒಂದು ಪಂದ್ಯ ಆಡಿ ನೋಡಿ. ಮೊದಲಿಗೆ ಸಪ್ಪೆ ಎನಿಸುತ್ತದೆ, ಆಮೇಲೆ ಇಲ್ಲಿಯವರೆಗೆ ಇರಲೇ ಇಲ್ಲವೆಂದುಕೊಂಡ ಸದ್ದುಗಳು ಕಿವಿಗೆ ಬೀಳತೊಡಗುತ್ತವೆ.

ಡ್ರೈವರ್‌ನ ಅಳತೆಯ ಬಗ್ಗೆ ಒಂದೇ ಮಾತು: ಕಿವಿಯೊಳಗೆ ಕೂರುವ ಇಯರ್‌ಫೋನ್‌ನ 10 ಮಿಲಿಮೀಟರ್ ಡ್ರೈವರ್ ಕೂಡ ತುಂಬು ಬಾಸ್ ಕೊಡುತ್ತದೆ, 50 ಇದ್ದರೆ ಉತ್ತಮ ಎಂಬ ನಿಯಮವೇನಿಲ್ಲ. 40,000 ಹರ್ಟ್ಸ್ ಅಂತೂ ಬಾವಲಿಗಳಿಗೆ ಇರಲಿ. ಎಳೆಯ, ಆರೋಗ್ಯವಂತ ಕಿವಿಯ ಮೇಲಿನ ಮಿತಿಯೇ 20,000 ಹರ್ಟ್ಸ್. ಬದಲಿಗೆ ಪೆಟ್ಟಿಗೆಯ ಮೇಲೆ ಯಾರೂ ಬರೆಯದ ಒಂದು ಗುಣವನ್ನು ಪರೀಕ್ಷಿಸಿ: ಎಡ ಬಲ ಡ್ರೈವರ್‌ಗಳು ಒಂದೇ ಸಮನಾಗಿವೆಯೇ? ಕಂಪ್ಯೂಟರ್ ಅಥವಾ ಫೋನಿನಲ್ಲಿ ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ಆಯ್ಕೆ ಮಾಡಿ ಯಾರದ್ದಾದರೂ ಮಾತು ಕೇಳಿ. ಧ್ವನಿ ತಲೆಯ ಸರಿಮಧ್ಯದಲ್ಲಿ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಆಟದಲ್ಲೂ ಎಲ್ಲ ದಿಕ್ಕುಗಳು ಅಷ್ಟೇ ವಾಲುತ್ತವೆ. ಅಂಥದ್ದನ್ನು ಹಿಂದಿರುಗಿಸುವುದೇ ಸರಿ.

ತೆರೆದ ಬೆನ್ನು, ಮುಚ್ಚಿದ ಬೆನ್ನು

ಬಟ್ಟಲಿನ ಹೊರಮೈಯಲ್ಲಿ ಜಾಲರಿ ಇದ್ದು ಸದ್ದು ಎರಡೂ ಕಡೆ ಹಾಯುವಂತಿದ್ದರೆ ಅದು ಓಪನ್ ಬ್ಯಾಕ್. ಸದ್ದು ಬಟ್ಟಲಿನೊಳಗೇ ಬಡಿದು ಮರಳುವುದಿಲ್ಲವಾದ್ದರಿಂದ ಎಲ್ಲವೂ ತಲೆಯಿಂದ ಸ್ವಲ್ಪ ಆಚೆ, ವಿಶಾಲ ಜಾಗದಲ್ಲಿ ನಡೆಯುತ್ತಿರುವಂತೆ ಕೇಳಿಸುತ್ತದೆ. ಕಿವಿಯೂ ಕಡಿಮೆ ಬೆವರುತ್ತದೆ. ನಿಮಗೆಂದೇ ಶಾಂತವಾದ ಕೋಣೆಯಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಇಲ್ಲವಾದರೆ ಇದು ಬೇಡ: ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಸೋರುತ್ತದೆ, ಫ್ಯಾನಿನ ಸದ್ದನ್ನು ಮೀರಲು ವಾಲ್ಯೂಮ್ ಏರಿಸುತ್ತ ಹೋಗುತ್ತೀರಿ, ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಗುಂಡಿನ ಕಾಳಗ ಕೇಳಿಸುತ್ತದೆ.

ಮುಚ್ಚಿದ ಬೆನ್ನಿನದು ಗದ್ದಲದ ಮನೆಗೆ, ಕೆಫೆಗೆ, ಪ್ರಯಾಣಕ್ಕೆ. ಗದ್ದಲವನ್ನು ರದ್ದುಪಡಿಸುವ ಎಎನ್‌ಸಿ ಇದ್ದರೆ ಫ್ಯಾನ್, ಎಂಜಿನ್‌ಗಳ ಒಂದೇ ಸಮನಾದ ಮಂದ್ರದ ಮೊರೆತವನ್ನು ಅದು ಚೆನ್ನಾಗಿ ಅಡಗಿಸುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ಅಲ್ಲ. ಸಾವಿರಾರು ಪ್ರೇಕ್ಷಕರ ನಡುವಿನ ದೊಡ್ಡ ಇ-ಸ್ಪೋರ್ಟ್ಸ್ ವೇದಿಕೆಗಳಲ್ಲಿ ಎಎನ್‌ಸಿಯೂ ಸಾಲದು. ಅಲ್ಲಿ ಆಟಗಾರರು ಕಿವಿಯೊಳಗೆ ಇಯರ್‌ಫೋನ್ ತೊಟ್ಟು ಆಟವನ್ನು ಕೇಳುತ್ತಾರೆ. ಅದರ ಮೇಲೆ ದಪ್ಪ ಹೆಡ್‌ಸೆಟ್ ಧರಿಸಿ, ವೀಕ್ಷಕ ವಿವರಣೆ ನುಸುಳದಂತೆ ಅದರಲ್ಲಿ ‘ಶ್’ ಎನ್ನುವ ಬಿಳಿಸದ್ದನ್ನು ಹರಿಸುವುದುಂಟು. ಪರದೆಯ ಮೇಲೆ ಕಾಣುವ ಹೆಡ್‌ಸೆಟ್‌ನಿಂದಲೇ ಅವರು ಗೆದ್ದರೆಂದು ಭಾವಿಸಿ ಅದನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ಜೊತೆಗೆ, ಸಾದಾ ತಂತಿಯ ಇಯರ್‌ಫೋನ್ ಆಟಕ್ಕೆ ಕೀಳಲ್ಲ ಎಂಬುದಕ್ಕೂ ಇದು ಸಾಕ್ಷಿ.

ತಂತಿ, ಡಾಂಗಲ್, ಬ್ಲೂಟೂತ್

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 100ರಿಂದ 250 ಮಿಲಿಸೆಕೆಂಡ್‌ನಷ್ಟು ತಡವಾಗಿ ಬರುತ್ತದೆ. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ 12 ಚೌಕಟ್ಟುಗಳು. ಎದುರಾಳಿ ಮೂಲೆ ತಿರುಗಿ ಕಣ್ಣಿಗೆ ಬಿದ್ದ ಮೇಲೆ ಅವನ ಹೆಜ್ಜೆ ಕೇಳಿಸಿ ಏನು ಪ್ರಯೋಜನ? ಸಿನಿಮಾ ನೋಡುವಾಗ ಈ ತಡ ಗೊತ್ತಾಗದು, ಏಕೆಂದರೆ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಬಿಡುತ್ತದೆ. ಆಟದ ಚಿತ್ರ ನಿಮ್ಮ ಬೆರಳಿಗಾಗಿ ಕಾಯುತ್ತಿರುವುದರಿಂದ ಅದನ್ನು ಹಾಗೆ ತಡೆಹಿಡಿಯಲಾಗದು. ತಾಳಕ್ಕೆ ತಕ್ಕಂತೆ ಒತ್ತುವ ಆಟಗಳಲ್ಲಂತೂ ಇದು ಅಸಹನೀಯ.

ಇನ್ನೊಂದು ಬಾಧೆ ಮೈಕ್‌ನದು. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಮೈಕ್ ಚಾಲೂ ಆದ ಕ್ಷಣ ಹೆಡ್‌ಸೆಟ್ ದೂರವಾಣಿ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಸ್ಟೀರಿಯೊ ಹೋಗಿ ಒಂದೇ ವಾಹಿನಿ ಉಳಿಯುತ್ತದೆ. ಎಡ ಬಲಗಳೇ ಇಲ್ಲದ ಮೇಲೆ ದಿಕ್ಕು ಎಲ್ಲಿಯದು? ಎಲ್‌ಇ ಆಡಿಯೊ ಎಂಬ ಹೊಸ ಬಗೆ ಈ ಎರಡೂ ಕೊರತೆಗಳನ್ನು ನೀಗಿಸುವ ಹಾದಿಯಲ್ಲಿದೆ, ಆದರೆ ಹೆಡ್‌ಸೆಟ್ ಮತ್ತು ಆಡುವ ಸಾಧನ ಎರಡೂ ಅದನ್ನು ಬೆಂಬಲಿಸಬೇಕು.

ತಂತಿಯಿಲ್ಲದ್ದೇ ಬೇಕೆಂದರೆ 2.4 ಗಿಗಾಹರ್ಟ್ಸ್‌ನ ಸ್ವಂತ ಯುಎಸ್‌ಬಿ ಡಾಂಗಲ್ (ಆಡುವ ಸಾಧನಕ್ಕೆ ಸಿಕ್ಕಿಸುವ ಪುಟ್ಟ ನಿಸ್ತಂತು ತುಣುಕು) ಇರುವುದನ್ನು ಆರಿಸಿ. ಅದರ ವಿಳಂಬ ಕೆಲವೇ ಹತ್ತು ಮಿಲಿಸೆಕೆಂಡ್, ಆಡುವಾಗ ಗೊತ್ತಾಗದು. ಆದರೆ ಡಾಂಗಲ್ ಎಲ್ಲದಕ್ಕೂ ಹೊಂದುವುದಿಲ್ಲ. ಪ್ಲೇಸ್ಟೇಷನ್ 5 ಬ್ಲೂಟೂತ್ ಹೆಡ್‌ಫೋನ್‌ಗಳನ್ನು ನೇರವಾಗಿ ಸೇರಿಸಿಕೊಳ್ಳುವುದಿಲ್ಲ, ಯುಎಸ್‌ಬಿ ಡಾಂಗಲ್ ಆದೀತು. ಎಕ್ಸ್‌ಬಾಕ್ಸ್‌ಗೆ ಅದರದೇ ನಿಸ್ತಂತು ವ್ಯವಸ್ಥೆಯಿದ್ದು, ‘ಎಕ್ಸ್‌ಬಾಕ್ಸ್‌ಗಾಗಿ’ ಎಂದು ಬರೆದಿರದ ಡಾಂಗಲ್ ಅಲ್ಲಿ ಕೆಲಸ ಮಾಡದಿರುವುದೇ ಹೆಚ್ಚು. ನಿಂಟೆಂಡೊ ಸ್ವಿಚ್‌ಗೆ 2021ರ ಸೆಪ್ಟೆಂಬರ್‌ನಲ್ಲಿ ಬ್ಲೂಟೂತ್ ಆಡಿಯೊ ಬಂತು, ಬ್ಲೂಟೂತ್ ಮೈಕ್ ಮಾತ್ರ ನಡೆಯದು. ಈ ತಲೆನೋವೇ ಬೇಡವೆಂದರೆ 3.5 ಮಿಲಿಮೀಟರ್ ತಂತಿ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎರಡರ ಕಂಟ್ರೋಲರ್‌ನಲ್ಲೂ ಅದರ ರಂಧ್ರವಿದೆ. ಡೆಸ್ಕ್‌ಟಾಪ್ ಕಂಪ್ಯೂಟರ್‌ನಲ್ಲಿ ಮೈಕ್‌ಗೂ ಹೆಡ್‌ಫೋನ್‌ಗೂ ಬೇರೆಬೇರೆ ರಂಧ್ರವಿದ್ದರೆ, ಒಂದೇ ಪ್ಲಗ್‌ನ ಹೆಡ್‌ಸೆಟ್‌ಗೆ ಕವಲುತಂತಿಯೊಂದು ಬೇಕಾಗುತ್ತದೆ ಎಂಬುದಷ್ಟೇ ನೆನಪಿರಲಿ.

ಸ್ಟುಡಿಯೊಗೆಂದು ಮಾಡಿದ ಹೆಡ್‌ಫೋನ್ ಕೊಳ್ಳುವವರು ಓಮ್ ಲೆಕ್ಕವನ್ನೂ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ) ನೋಡಬೇಕು. 32 ಓಮ್‌ನದು ಕಂಟ್ರೋಲರ್‌ನಿಂದಲೇ ಸರಾಗವಾಗಿ ನುಡಿಯುತ್ತದೆ. 250 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಅಥವಾ 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಅಂಥವಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದಿದ್ದರೆ ಸದ್ದು ಸಣ್ಣದಾಗಿ ಉಳಿಯುವ ಸಾಧ್ಯತೆ ಹೆಚ್ಚು.

ಅಂದ ಹಾಗೆ, ‘ಗೇಮಿಂಗ್’ ಮತ್ತು ‘ಸ್ಟುಡಿಯೊ’ ಎಂಬ ಗೋಡೆ ತೋರುವಷ್ಟು ಗಟ್ಟಿಯಲ್ಲ. 2014ರಲ್ಲಿ ಬಂದು ಮನೆಮಾತಾದ ಹೈಪರ್‌ಎಕ್ಸ್ ಕ್ಲೌಡ್ ಹೆಡ್‌ಸೆಟ್ ರೂಪುಗೊಂಡಿದ್ದೇ ಟಕ್‌ಸ್ಟಾರ್ ಪ್ರೊ 80 ಎಂಬ ಸ್ಟುಡಿಯೊ ಹೆಡ್‌ಫೋನ್‌ನ ವಿನ್ಯಾಸದ ಮೇಲೆ. ಒಳ್ಳೆಯ ಸಾದಾ ಹೆಡ್‌ಫೋನ್ ಈಗಾಗಲೇ ನಿಮ್ಮಲ್ಲಿದ್ದರೆ ಬಟ್ಟೆಗೆ ಸಿಕ್ಕಿಸುವ ಅಥವಾ ಮೇಜಿನ ಮೇಲಿಡುವ ಮೈಕ್ ಒಂದನ್ನು ಸೇರಿಸಿಕೊಂಡರೆ ಸಾಕು. ಹೆಡ್‌ಸೆಟ್‌ನ ತೋಳಿನಲ್ಲಿರುವ ಮೈಕ್‌ಗೆ ಇರುವ ಒಂದೇ ನಿಜವಾದ ಹಿರಿಮೆ ಅದು ಬಾಯಿಗೆ ಹತ್ತಿರವಿರುವುದು. ಗದ್ದಲದ ಮನೆಯಲ್ಲಿ ಆ ಹಿರಿಮೆಯೂ ಸಣ್ಣದಲ್ಲ.

ತಲೆಯ ಮೇಲೆ ಎರಡನೆಯ ಗಂಟೆ

ಸದ್ದಿನ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೂ, ಹೆಚ್ಚಿನವರು ಹೆಡ್‌ಸೆಟ್ ಬದಲಿಸುವಂತೆ ಮಾಡುವುದು ನೋವು ಎಂಬುದು ನನ್ನ ಅನಿಸಿಕೆ. 250 ಗ್ರಾಂ ತೂಕದ್ದು ತಲೆಯ ಮೇಲಿರುವುದು ಮರೆತುಹೋಗಬಹುದು. 400 ಗ್ರಾಂ ದಾಟಿದ್ದು ಎರಡನೆಯ ಗಂಟೆಯಲ್ಲಿ ನೆತ್ತಿಯನ್ನು ಒತ್ತತೊಡಗುತ್ತದೆ. ಕುಷನ್‌ನ ಒಳಗೆ ಇಡೀ ಕಿವಿ ಕೂರಬೇಕು, ಕಿವಿಯ ತುದಿ ಡ್ರೈವರ್‌ನ ಜಾಲರಿಗೆ ತಗುಲಬಾರದು. ಕೃತಕ ತೊಗಲಿನ ಕುಷನ್ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಬೆವರಿಸುತ್ತದೆ, ಕೆಲವು ವರ್ಷಗಳಲ್ಲಿ ಹೊಟ್ಟುಹೊಟ್ಟಾಗಿ ಉದುರುತ್ತದೆ. ವೆಲ್ವೆಟ್‌ನದು ತಂಪು, ಸದ್ದು ಕೊಂಚ ಸೋರುತ್ತದೆ. ಕನ್ನಡಕ ಹಾಕುವವರು ಕನ್ನಡಕದ ಸಮೇತ ಧರಿಸಿ ನೋಡಲೇಬೇಕು. ಕಡ್ಡಿಯ ಬಳಿ ಕುಷನ್ ಎತ್ತಿಕೊಂಡರೆ ಮುಚ್ಚಿದ ಬೆನ್ನಿನ ಹೆಡ್‌ಫೋನ್‌ನಲ್ಲಿ ಬಾಸ್ ಆ ಸಂದಿನಿಂದ ಜಾರಿಹೋಗುತ್ತದೆ. ಬದಲಿ ಕುಷನ್ ಸಿಗುತ್ತದೆಯೇ, ತಂತಿ ಕಳಚಿ ಬೇರೆ ಹಾಕಬಹುದೇ ಎಂದು ವಿಚಾರಿಸಿ. ಡ್ರೈವರ್‌ಗಿಂತ ಎಷ್ಟೋ ಮೊದಲು ಸಾಯುವುದು ಇವೆರಡೇ.

ಎಷ್ಟು ಜೋರು?

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸುರಕ್ಷಿತ ಮಿತಿ. ಮಕ್ಕಳಿಗೆ ಅದು 75. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ವಾರಕ್ಕೆ ಐದೇ ಗಂಟೆ. ಸಂಗೀತಕ್ಕಿಂತ ಆಟದಲ್ಲಿ ಈ ಮಿತಿ ದಾಟುವುದು ಸುಲಭ, ಏಕೆಂದರೆ ಸದ್ದಡಗಿದ ಹೊತ್ತಿನಲ್ಲಿ ಹೆಜ್ಜೆ ಕೇಳಲೆಂದು ವಾಲ್ಯೂಮ್ ಏರಿಸುತ್ತೇವೆ, ಮರುಕ್ಷಣ ಅದೇ ಮಟ್ಟದಲ್ಲಿ ಗ್ರೆನೇಡ್ ಸಿಡಿಯುತ್ತದೆ.

ಇದಕ್ಕೆ ಮದ್ದು ಅನೇಕ ಆಟಗಳ ಆಡಿಯೊ ಪಟ್ಟಿಯಲ್ಲೇ ಇದೆ. ‘ಡೈನಾಮಿಕ್ ರೇಂಜ್’ ಎಂಬಲ್ಲಿ ‘ನೈಟ್ ಮೋಡ್’ ಅಥವಾ ‘ಲೋ’ ಆರಿಸಿದರೆ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ನಡುವಿನ ಅಂತರ ಕುಗ್ಗುತ್ತದೆ. ಹೆಜ್ಜೆ ತುಸು ಮೇಲೇಳುತ್ತದೆ, ಸ್ಫೋಟ ತುಸು ತಗ್ಗುತ್ತದೆ. ದೂರದ ಹೆಜ್ಜೆಯೂ ಹತ್ತಿರದ್ದೆಂಬಂತೆ ಕೇಳಿ ಕೆಲವೊಮ್ಮೆ ದೂರದ ಅಂದಾಜು ತಪ್ಪುವುದುಂಟು, ಒಂದೆರಡು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಹೊಸ ಹೆಡ್‌ಸೆಟ್‌ಗೆ ಹಣ ಎಣಿಸುವ ಮೊದಲು ಇದ್ದ ಹೆಡ್‌ಫೋನ್‌ನಲ್ಲೇ ಈ ಆಯ್ಕೆಯನ್ನೂ ಬಾಸ್ ಇಳಿಸುವುದನ್ನೂ ಒಟ್ಟಿಗೆ ಮಾಡಿ ಒಂದು ವಾರ ಆಡಿ ನೋಡಿ.